ನಾನು ಕಳಿಸದ ಗಂಟು

ತಂಗಿಯ ಪರೀಕ್ಷೆಯ ದಿನ ಅವಳು ಕೇಳಿದ್ದನ್ನು ನಾನು ಕಳಿಸಲಿಲ್ಲ. ಮರೆತೆ ಅಂತಲ್ಲ, ಹೊತ್ತಾಯಿತು ಅಂತಲೂ ಅಲ್ಲ. ಬೇಕೆಂದೇ ಕಳಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ನೀವು ನನ್ನನ್ನು ಒಳ್ಳೆಯವಳು ಎಂದುಕೊಳ್ಳಬಾರದು. ದೆವ್ವ, ಮಾಟ, ಮೈಮೇಲೆ ಬರುವುದು ಇಂಥದ್ದನ್ನು ನಾನು ನಂಬಿದವಳಲ್ಲ. ಊರಲ್ಲಿ ಯಾರಾದರೂ ಆ ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. ಓದಿದ್ದು ಏಳನೆಯ ತರಗತಿ; ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮದು ಮನ್ನಾಏಖೇಳ್ಳಿ ಹತ್ತಿರದ ಹಳ್ಳಿ. ಅಪ್ಪ ಅವ್ವ ಕುರಿ ಸಾಕಿಕೊಂಡು, ಇಷ್ಟು ತೊಗರಿ ಬೆಳೆದುಕೊಂಡು ಇದ್ದಾರೆ. ತಂಗಿ ಭಾಗ್ಯ ಹುಟ್ಟಿದಾಗ ನನಗೆ ಹನ್ನೆರಡು ವರ್ಷ. ಅವ್ವ ಕುರಿಯ ಹಿಂದೆ ಹೋದರೆ ಕೂಸನ್ನು ನೋಡಿಕೊಳ್ಳುವವರು ಬೇಕಿತ್ತು, ನನ್ನ ಶಾಲೆ ಅಲ್ಲಿಗೆ ನಿಂತಿತು. ಮದುವೆಯಾಗಿ, ಗಂಡ ತೀರಿಕೊಂಡ ಮೇಲೆ ಹುಮನಾಬಾದಿಗೆ ಬಂದು ಒಂದು ಔಷಧ ಕಾರ್ಖಾನೆಯಲ್ಲಿ ಗುಳಿಗೆ ಪ್ಯಾಕ್ ಮಾಡುವ ಕೆಲಸ ಹಿಡಿದೆ. ಒಂದೇ ಕೋಣೆಯ ಬಾಡಿಗೆ ಮನೆ, ಒಂದೇ ಕೀಲಿಕೈ.

ಭಾಗ್ಯಳಿಗೆ ಬಸವಕಲ್ಯಾಣದಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಅಪ್ಪ ಒಪ್ಪಿದ್ದು ಒಂದೇ ಮಾತಿನ ಮೇಲೆ: "ಒಂದ್ ವಿಷಯದಾಗ ಫೇಲಾದ್ರೂ ಸುಮ್ನ ಮನಿಗೆ ಬರೋದು. ಗಂಡು ನೋಡಿಟ್ಟೀನಿ." ಅವಳು ಮೂವರು ಗೆಳತಿಯರ ಜೊತೆ ರೂಮು ಮಾಡಿದಳು. ದಿನಾ ಬೆಳಿಗ್ಗೆ ನಾನು ರೊಟ್ಟಿ ಪಲ್ಯ ಅರಿವೆಯಲ್ಲಿ ಕಟ್ಟಿ, ಹೆಸರಿನ ಚೀಟಿ ಸಿಕ್ಕಿಸಿ, ಏಳೂವರೆಯ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೆ. ನಮ್ಮ ಕಡೆ ಓದುವ ಮಕ್ಕಳಿಗೆ ಬುತ್ತಿ ಹೋಗುವುದೇ ಹಾಗೆ. ಡ್ರೈವರ್ ಸೀಟಿನ ಪಕ್ಕ ಹತ್ತಾರು ಗಂಟು ಕೂತಿರುತ್ತವೆ, ಆ ತುದಿಯಲ್ಲಿ ಮಕ್ಕಳು ಬಂದು ಅವರವರ ಗಂಟು ಎತ್ತಿಕೊಳ್ಳುತ್ತಾರೆ.

ಮೊದಲ ವರ್ಷದಲ್ಲಿ ಅವಳು ಹೇಳುತ್ತಿದ್ದ ಕತೆಗಳಿಗೆ ಲೆಕ್ಕವಿಲ್ಲ. ಸೀನಿಯರ್‌ಗಳು ಇಂಗ್ಲಿಷಿನಲ್ಲಿ ಪರಿಚಯ ಹೇಳು ಅಂದಾಗ ಹೆಸರು, ಊರು ಹೇಳುವಷ್ಟರಲ್ಲಿ ಇಂಗ್ಲಿಷ್ ಮುಗಿದುಹೋಗಿ, ಮನ್ನಾಏಖೇಳ್ಳಿಯಿಂದ ಬಸವಕಲ್ಯಾಣದವರೆಗಿನ ಬಸ್ ಸ್ಟಾಪುಗಳನ್ನೆಲ್ಲ ಒಂದೇ ಉಸಿರಿಗೆ ಒದರಿದ್ದಳಂತೆ. ವರ್ಕ್‌ಶಾಪಿನಲ್ಲಿ ಕಬ್ಬಿಣದ ತುಂಡನ್ನು ಚೌಕ ಮಾಡಲು ಹದಿನೈದು ದಿನ ಉಜ್ಜಿದಳಂತೆ, ಅದು ಚೌಕವೂ ಆಗಲಿಲ್ಲ, ದುಂಡಗೂ ಆಗಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಭಾನುವಾರ. ಅವಳು ಗೆಳತಿಯರನ್ನು ಕರೆದುಕೊಂಡು ನನ್ನ ಮನೆಗೆ ಊಟಕ್ಕೆ ಬಂದಿದ್ದಳು. ಮನೆ ತುಂಬ ನಗು.

"ಅಕ್ಕಾ, ಆ ಕಬ್ಬಿಣದ ತುಂಡು ಜ್ವಾಪಾನ ಮಾಡಿ ಇಟ್ಟಾಳ್ರಿ. ಇಕಿ ಮದುವ್ಯಾಗ ಅದನ್ನೇ ತಾಳಿ ಮಾಡಸೋಣು" ಅಂದಳು ಒಬ್ಬಳು.

"ನಿನಗ ಕಟ್ಟತೀನಿ ಕುಂದ್ರು" ಅಂದಳು ಭಾಗ್ಯ.

ಇನ್ನೊಬ್ಬಳು ರೊಟ್ಟಿ ಮುರಿಯುತ್ತ, "ಅಕ್ಕಾ, ನೀವು ಎಲ್ಲಿತನಕ ಓದೀರಿ?" ಎಂದು ಸಹಜವಾಗಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಭಾಗ್ಯ, "ನಮ್ಮಕ್ಕ ಪಿಯುಸಿ ಮಾಡ್ಯಾಳ" ಅಂದಳು.

ನಾನು ಪಲ್ಯ ಬಡಿಸಿದೆ. ಅವರೆಲ್ಲ ಹೋದ ಮೇಲೆ ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆದೆ. ಯಾರನ್ನು ಎತ್ತಿಕೊಂಡು ನಾನು ಶಾಲೆ ಬಿಟ್ಟೆನೋ ಅವಳಿಗೇ ನನ್ನ ಏಳನೆಯ ತರಗತಿ ನಾಚಿಕೆಯಾಗಿತ್ತು.

ಮರುದಿನ ಬೆಳಿಗ್ಗೆ ಬುತ್ತಿ ಕಟ್ಟುವ ಹೊತ್ತಿಗೆ ಅವಳ ಫೋನು ಬಂತು. "ಅಕ್ಕಾ, ನಿನ್ನಿ ತಂದಿದ್ದ ಲ್ಯಾಬ್ ರೆಕಾರ್ಡ್ ಅಲ್ಲೇ ಬಿಟ್ಟು ಬಂದೀನಿ. ಬುತ್ತಿ ಗಂಟಿನ್ಯಾಗ ಇಟ್ಟು ಕಳಸವಾ. ಎರಡಕ್ಕ ಪರೀಕ್ಷಿ ಅದ. ರೆಕಾರ್ಡ್ ಇಲ್ದಿದ್ರ ಒಳಗ ಬಿಡಂಗಿಲ್ಲ."

ರೆಕಾರ್ಡ್ ಅಂದರೆ ಆರು ತಿಂಗಳು ಕೈಯಲ್ಲಿ ಬರೆದ, ಹಾಳೆಹಾಳೆಗೂ ಮೇಷ್ಟರ ಸಹಿ ಇರುವ ದಪ್ಪ ಪುಸ್ತಕ. ಅಂಥದ್ದು ಇರುವುದು ಒಂದೇ. ಗೋಡೆಯ ಗೂಡಿನಲ್ಲಿ ನನ್ನ ಕಣ್ಣೆದುರೇ ಇತ್ತು.

"ಹೂಂ, ಕಳಸ್ತೀನಿ" ಅಂದೆ. ಆಮೇಲೆ ರೆಕಾರ್ಡನ್ನು ಗೂಡಿನಲ್ಲೇ ಬಿಟ್ಟು, ಕಟ್ಟಿದ ಬುತ್ತಿಯನ್ನು ಒಲೆಕಟ್ಟೆಯ ಮೇಲೇ ಬಿಟ್ಟು, ಬಾಗಿಲಿಗೆ ಕೀಲಿ ಹಾಕಿ, ಬಸ್ ಸ್ಟ್ಯಾಂಡಿನ ಕಡೆ ತಿರುಗಿಯೂ ನೋಡದೆ ಕಾರ್ಖಾನೆಗೆ ಹೋದೆ. ಬೇಗ ಹೋದದ್ದಕ್ಕೆ ಗೇಟಿನವನು, "ಏನ್ರೀ ಅಕ್ಕಾರ, ಇವತ್ತ ಕಾರ್ಖಾನಿ ನೀವೇ ತೆಗಿತೀರೇನು?" ಎಂದು ನಕ್ಕ. ಏಳೂ ಇಪ್ಪತ್ತಕ್ಕೆ ಹಾಜರಿ ಮೆಷಿನಿನ ಮೇಲೆ ಹೆಬ್ಬೆಟ್ಟು ಒತ್ತಿದೆ. ಫೋನು ಗೇಟಿನಲ್ಲೇ ಕೊಟ್ಟೆ, ಒಳಗೆ ಒಯ್ಯುವಂತಿಲ್ಲ.

ಹತ್ತು ಗಂಟೆಯವರೆಗೆ ಸಿಟ್ಟೇ ಇತ್ತು. ಹನ್ನೊಂದಕ್ಕೆ ಸಿಟ್ಟು ಇಳಿದು ಗುಳಿಗೆಯ ಎಣಿಕೆ ತಪ್ಪತೊಡಗಿತು. ಬಸ್ಸಿನ ಹತ್ತಿರ ಗಂಟುಗಳನ್ನೆಲ್ಲ ತಿರುವಿ ನೋಡಿ ಬರಿಗೈಯಲ್ಲಿ ನಿಂತ ಭಾಗ್ಯ ಕಣ್ಣಿಗೆ ಕಟ್ಟಿದಳು. ನನ್ನ ಡಬ್ಬಿ ತೆರೆದು ಊಟಕ್ಕೆ ಕೂತಾಗ, ಬೆಳಿಗ್ಗೆ ಇಬ್ಬರಿಗೂ ಅರೆದ ಚಟ್ನಿಗೆ ಉಪ್ಪು ಹಾಕಿಲ್ಲ ಎಂದು ಗೊತ್ತಾಯಿತು, ಎರಡು ತುತ್ತಿಗಿಂತ ಹೆಚ್ಚು ಇಳಿಯಲಿಲ್ಲ. ಸೂಪರ್‌ವೈಸರ್ ಹತ್ತಿರ ಹೋಗಿ ಹೊರಗೆ ಬಿಡಿ ಎಂದು ಕೇಳಿದೆ.

"ಮನ್ಯಾಗ ಯಾರಿಗರ ಆರಾಮಿಲ್ಲೇನು?"

"ಹಂಗೇನಿಲ್ರಿ."

"ಮತ್ತ ಯಾಕ?"

ತಂಗಿಗೆ ಮೋಸ ಮಾಡಿ ಬಂದಿದ್ದೇನೆ ಎನ್ನಲೇ? ವಾಪಸು ಬಂದು ಕೂತೆ. ಗೋಡೆಯ ಗಡಿಯಾರದಲ್ಲಿ ಎರಡಾಗುವುದನ್ನು ನೋಡಿದೆ. ಎರಡೂವರೆಯಾಯಿತು. ಮೂರಾಯಿತು. ಇನ್ನು ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಐದಕ್ಕೆ ಗೇಟಿನಲ್ಲಿ ಫೋನು ಕೈಗೆ ಬರುತ್ತಲೇ ಅದು ರಿಂಗಾಯಿತು. ಭಾಗ್ಯ.

"ಅಕ್ಕಾ, ಮಸ್ತ್ ಆಯ್ತು ಪರೀಕ್ಷಿ. ರೆಕಾರ್ಡ್ ನೋಡಿ ಸರ್ ಖುಷ್ ಆದ್ರು. ಆದ್ರ ಚಟ್ನಿಗಿ ಉಪ್ಪೇ ಹಾಕಿಲ್ಲಲಾ ನೀ. ನಾಲ್ಕೂ ಮಂದಿ ನಿನಗ ಬೈಕೋತ ತಿಂದೀವಿ."

"ಯಾರ್ ಕೊಟ್ರು ನಿನಗ?" ಅಂದೆ.

"ಯಾರ್ ಕೊಡ್ತಾರ? ದಿನಾ ಕೊಡೋ ಡ್ರೈವರ್ ಮಾಮಾನೇ."

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಕೀಲಿ ನಾನು ಹಾಕಿದ ಹಾಗೇ ಇತ್ತು. ಕೀಲಿಕೈ ನನ್ನ ಸೊಂಟದ ಚೀಲದಲ್ಲಿ. ಬಾಗಿಲು ತೆರೆದೆ. ಗೂಡು ಖಾಲಿ. ಒಲೆಕಟ್ಟೆಯ ಮೇಲೆ ಗಂಟು ಇಟ್ಟಲ್ಲಿ ಜೋಳದ ಹಿಟ್ಟು ಒಂದಿಷ್ಟು ಉದುರಿತ್ತು, ಗಂಟು ಇರಲಿಲ್ಲ. ಬೇರೆ ಏನೂ ಕದಲಿರಲಿಲ್ಲ. ಬಾಗಿಲೆದುರು ದಿನವಿಡೀ ತೊಗರಿಬೇಳೆ ಆರಿಸುತ್ತ ಕೂರುವ ಮನೆಯ ಮಾಲಕಿ, "ಯಾರೂ ಬಂದಿಲ್ಲವಾ. ಬಂದ್ರ ನನ್ನ ದಾಟೇ ಬರಬೇಕಲ" ಅಂದಳು. ಆ ರಾತ್ರಿ ದೀಪ ಆರಿಸದೆ ಕೂತೆ.

ಮರುದಿನ ಬುತ್ತಿ ಕೊಡಲು ಹೋದಾಗ ಡ್ರೈವರ್ ತಾನೇ ಮಾತು ತೆಗೆದ. "ಏನ್ ತಂಗಿ, ನಿನ್ನಿ ನನ್ನ ಜೀವಾನೇ ತೆಗದಿದ್ದಿ. ಸ್ಟ್ಯಾಂಡ್ ಬಿಟ್ಟು ಹೊಂಟ ಬಸ್ಸಿಗಿ ಹಂಗ ಅಡ್ಡ ಬಂದು ನಿಂದರ್ತಾರೇನು? ಅದೂ ಬರಿಗಾಲಿಲೆ. ಬೈದ್ರ ಒಂದ್ ಮಾತಿಲ್ಲ. ಗಂಟ್ ಕೊಟ್ಟಿ, ಹೋದಿ."

"ನಾನೇ ಇದ್ನೇನ್ರಿ ಅಣ್ಣಾ?"

ಅವನು ನನ್ನ ಮುಖ ನೋಡಿ ಕಂಡಕ್ಟರ್ ಕಡೆ ತಿರುಗಿದ. "ಕೇಳು ಇಕಿ ಮಾತು. ದಿನಾ ನೋಡೋ ಮಾರಿ ಮರೀತೀನೇನು ನಾ?"

ಆ ಹೊತ್ತಿನಲ್ಲಿ ನಾನು ಕಾರ್ಖಾನೆಯ ಒಳಗಿದ್ದೆ. ತಿಂಗಳ ಕೊನೆಗೆ ಹಾಜರಿ ಹಾಳೆ ಕೇಳಿ ನೋಡಿದೆ, ಏಳೂ ಇಪ್ಪತ್ತು ಎಂದೇ ಇತ್ತು. ಬೇರೆ ಕೀಲಿಕೈ ಇದೆಯೇ ಎಂದು ಮಾಲಕಿಯನ್ನು ಹತ್ತು ಸಲ ಕೇಳಿದೆ. ಇಲ್ಲ. ಸಿಟ್ಟಿನ ಭರದಲ್ಲಿ ನಾನೇ ಹೋಗಿ ಕೊಟ್ಟು ಮರೆತೆನೇ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ. ಹಾಗಾದರೆ ಮೆಷಿನಿನ ಮೇಲೆ ಒತ್ತಿದ ಹೆಬ್ಬೆಟ್ಟು ಯಾರದು? ನಾನು ಹೋಗಬೇಕಿದ್ದ ದಾರಿಯಲ್ಲಿ ನನ್ನ ಬದಲು ಯಾರೋ ಹೋದರು ಎನ್ನುವುದಷ್ಟೇ ಗೊತ್ತು. ಯಾರು ಎಂಬುದು ಮೂರು ವರ್ಷ ದಾಟಿದರೂ ಬಗೆಹರಿದಿಲ್ಲ.

ನನ್ನನ್ನು ಅದಕ್ಕಿಂತ ಹೆಚ್ಚು ಸುಟ್ಟದ್ದು ಬೇರೆ. ಡ್ರೈವರ್ ಆ ಬರಿಗಾಲಿನ ಕತೆಯನ್ನು ಭಾಗ್ಯಳಿಗೂ ಹೇಳಿದ್ದ. ಅವಳು ಕಂಡಕಂಡವರ ಮುಂದೆ, ಅಕ್ಕ ನನಗಾಗಿ ಬರಿಗಾಲಲ್ಲಿ ಓಡಿದಳು ಎಂದು ಹೇಳುತ್ತಿದ್ದಳು. ನಾನು ಪ್ರತಿ ಸಲವೂ ಸುಮ್ಮನೆ ನಕ್ಕು, ನನ್ನದಲ್ಲದ ಹೊಗಳಿಕೆಯನ್ನು ತೆಗೆದುಕೊಳ್ಳುತ್ತಿದ್ದೆ.

ಈ ವರ್ಷ ಅವಳ ಓದು ಮುಗಿಯಿತು. ರೂಮು ಖಾಲಿ ಮಾಡುವ ದಿನ ಸಾಮಾನು ಹೊರಲು ನಾನೂ ಹೋಗಿದ್ದೆ. ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ಹಾಸಿಗೆ ಸುರುಳಿಯ ಮೇಲೆ ಕೂತು ಅವಳು ನನ್ನ ಪಾದದ ಕಡೆ ನೋಡಿ, "ಅಕ್ಕಾ, ಅವತ್ತ ಕಾಲಿಗಿ ಮುಳ್ಳು ಗಿಳ್ಳು ಚುಚ್ಚಿತ್ತೇನು? ನಾ ಒಂದಿನಾನೂ ಕೇಳಲೇ ಇಲ್ಲ" ಅಂದಳು.

ನನ್ನಿಂದ ತಡೆಯಲಾಗಲಿಲ್ಲ. ಅಕ್ಕಪಕ್ಕ ಜನ ಇದ್ದರು, ಬಸ್ಸಿನ ಸದ್ದಿತ್ತು, ಆದರೂ ಗಟ್ಟಿಯಾಗಿಯೇ ಹೇಳಿದೆ. "ಭಾಗ್ಯಾ, ಅವತ್ತ ಬಸ್ಸಿಗಿ ಅಡ್ಡ ಬಂದಾಕಿ ನಾ ಅಲ್ಲ. ಯಾರ್ ಬಂದಿದ್ರೋ ನನಗ ಗೊತ್ತಿಲ್ಲ. ನಿನ್ನ ರೆಕಾರ್ಡ್ ನನ್ನ ಕಣ್ಣ ಮುಂದೇ ಇತ್ತು, ಸಿಟ್ಟಿಲೆ ಅಲ್ಲೇ ಬಿಟ್ಟು ಕೀಲಿ ಹಾಕ್ಕೊಂಡು ಹೋದೆ. ನೀ ಮನಿಗೆ ಬಂದು ಕುಂದರಲಿ ಅಂತ ಬಯಸಿದೆ. ತಪ್ಪಾಯ್ತವಾ, ನನ್ನ ಮಾಫ್ ಮಾಡು."