ಬಸ್ಸಿನಲ್ಲಿ ಬಂದ ಡೀನ್ ಸಾಹೇಬರು

ಹೊಸ ಬಣ್ಣದ ವಾಸನೆ ಮೂಗಿಗೆ ಬಿದ್ದರೆ ನಿಮಗೆ ಹಬ್ಬವೋ ಮದುವೆಯೋ ನೆನಪಾಗಬಹುದು. ನನಗೆ ಕಮಿಟಿ ನೆನಪಾಗುತ್ತದೆ. ಮೊನ್ನೆ ಮಸ್ಕಿಯ ಕಾಲೇಜೊಂದರ ಗೇಟು ದಾಟಿದಾಗಲೂ ಹಾಗೇ ಆಯಿತು. ಗೋಡೆಯ ಹಳದಿ ಇನ್ನೂ ಆರಿರಲಿಲ್ಲ. ಅದು ತಿಳಿಯುವಷ್ಟರಲ್ಲಿ ನಾನು ಒರಗಿ ನಿಂತಾಗಿತ್ತು. ವರಾಂಡದುದ್ದಕ್ಕೂ ಕ್ರೋಟನ್ ಗಿಡದ ಕುಂಡಗಳು ಸಾಲಾಗಿದ್ದವು. ಅವನ್ನು ನೋಡಿದ್ದೇ ಮಾನಪ್ಪ ಸರ್ ಕಣ್ಣ ಮುಂದೆ ಬಂದರು.

ಕಾಲೇಜು ಎಂದರೆ ಪಾಠ ಎಂದಷ್ಟೇ ತಿಳಿದಿದ್ದರೆ ನೀವು ಪುಣ್ಯವಂತರು. ಕೆಲವು ವರ್ಷಗಳಿಗೊಮ್ಮೆ ಮಾನ್ಯತಾ ಸಮಿತಿಯೊಂದು ಬರುತ್ತದೆ. ಕಟ್ಟಡ, ಪುಸ್ತಕ, ಪಾಠ, ಹಾಜರಿ ಎಲ್ಲವನ್ನೂ ನೋಡಿ ಕಾಲೇಜಿಗೇ ಗ್ರೇಡು ಕೊಡುತ್ತದೆ. ವರ್ಷವಿಡೀ ಮಕ್ಕಳನ್ನು ಹೆದರಿಸುವ ನಾವು ಆಗ ಬೆವರುತ್ತೇವೆ. ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಬಿಬಿಎ ಮಕ್ಕಳಿಗೆ ಅಕೌಂಟೆನ್ಸಿ ಹೇಳುತ್ತಿದ್ದೆ. ವಳಕಮದಿನ್ನಿ, ಸಾಲಗುಂದದ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿಯರೇ ಹೆಚ್ಚು. ಆ ವರ್ಷ ಆಡಳಿತ ಮಂಡಳಿಯ ಸೆಕ್ರೆಟರಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಗ್ರೇಡು ಬಿದ್ದರೆ ಬಿಬಿಎ ಬಂದ್. ಸಿಂಧನೂರು ದಾಟಿ ಓದಲು ಆ ಹುಡುಗಿಯರನ್ನು ಯಾವ ಮನೆಯಲ್ಲೂ ಕಳಿಸುತ್ತಿರಲಿಲ್ಲ. ಬಿಬಿಎ ಮುಚ್ಚಿದರೆ ಅವರ ಓದೇ ಮುಗಿಯುತ್ತಿತ್ತು.

ಆಗ ನಮ್ಮ ಪ್ರಿನ್ಸಿಪಾಲರು ಮಾನಪ್ಪ ಸರ್‌ಗೆ ಫೋನು ಮಾಡಿದರು. ಲಿಂಗಸುಗೂರಿನವರಾದ ಸರ್ ಆಗ ಕಲಬುರಗಿಯ ಮ್ಯಾನೇಜ್‌ಮೆಂಟ್ ಕಾಲೇಜೊಂದಕ್ಕೆ ಡೀನ್. ರಜೆಯಲ್ಲಿ ಊರಿಗೆ ಬಂದಾಗ ಸುಮ್ಮನೆ ಕೂಡುವವರಲ್ಲ. ಕಮಿಟಿ ಬರಲಿರುವ ಸಣ್ಣ ಕಾಲೇಜುಗಳಿಗೆ ತಾವೇ ಮೊದಲು ಹೋಗಿ, ಎಲ್ಲ ನೋಡಿ, ಎಲ್ಲಿ ಏನು ಸರಿಯಿಲ್ಲ ಎಂದು ಹೇಳಿ ಬರುತ್ತಿದ್ದರು. ಫೀಸು ಬೇಡ, ಶಾಲು ಬೇಡ, ಕಾರೂ ಬೇಡ. ಊಟವೂ ಬೇಡ, ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಅವರ ಚೀಲದಲ್ಲೇ ಇರುತ್ತಿತ್ತು. ಅವರಿಗೆಂದು ಮಾಡಿಸಿದ ಹೋಳಿಗೆಯನ್ನು ನಾನು ಕಾಲೇಜಿನ ಹಿತದೃಷ್ಟಿಯಿಂದ ತಿಂದು ಮುಗಿಸಿದೆ.

ನಮ್ಮಲ್ಲಿಗೆ ಬಂದವರೇ ಸರ್ ವರಾಂಡದಲ್ಲಿ ಬಾಯಿ ಒಡೆದ ಒಂದು ಕುಂಡದ ಮುಂದೆ ನಿಂತರು. “ಏನಪಾ, ಆರಾಮ ಅದೀಯಿಲ್ಲೋ? ಹೋದ ತಿಂಗಳ ಬ್ಯಾರೆ ಕಾಲೇಜಿನ್ಯಾಗ ಭೆಟ್ಟಿ ಆಗಿದ್ವಲ್ಲ!” ಎಂದು ಗಿಡವನ್ನು ಮಾತಾಡಿಸಿದರು. ಪ್ರಿನ್ಸಿಪಾಲರು ಮೇಲೆ ನೋಡಿದರು, ನಾನು ಕೆಳಗೆ ನೋಡಿದೆ. ನಮ್ಮ ಭಾಗದಲ್ಲಿ ಎಲ್ಲಿಗೆ ಕಮಿಟಿ ಬಂದರೂ ನರ್ಸರಿಯ ಅವೇ ಕುಂಡಗಳು ಬಾಡಿಗೆಗೆ ಹೋಗಿ ನಿಲ್ಲುತ್ತಿದ್ದವು. ನಮ್ಮೆಲ್ಲರಿಗಿಂತ ಹೆಚ್ಚು ಕಮಿಟಿಗಳನ್ನು ಅವು ಕಂಡಿದ್ದವು.

ಬಿಬಿಎ ಕ್ಲಾಸು ಕಿಕ್ಕಿರಿದಿತ್ತು. ಸರ್ ಬಾಗಿಲಲ್ಲೇ ನಿಂತು ನೋಡಿ, ಏನೂ ಕೇಳದೆ ಪ್ರಿನ್ಸಿಪಾಲರ ಕೋಣೆಗೆ ಬಂದು ಕೂತರು.

“ನಿಮ್ಮ ಹುಡುಗ್ಯಾರು ಎಲ್ಲದಾರ್ರಿ?”

“ಈಗ ನೋಡಿದ್ರಲ್ರಿ ಸರ್, ಕ್ಲಾಸ್ ತುಂಬೇತಲ್ರಿ,” ಎಂದರು ಪ್ರಿನ್ಸಿಪಾಲರು.

“ಅವು ಬಾಜೂ ಕಟ್ಟಡದ ಪಿಯುಸಿ ಮಕ್ಕಳು, ಬೆಂಚಿನ ಮ್ಯಾಲ ಪಿಯುಸಿ ಪುಸ್ತಕನ ಅದಾವ. ನಿಮ್ಮ ಹುಡುಗ್ಯಾರ್ನ ನಾ ಬಸ್ಸಿನ್ಯಾಗ ನೋಡಿನೇ ಬಂದೀನಿ. ಕಾಲುವಿಗೆ ನೀರು ಬಿಟ್ಟಾರ. ಎಲ್ಲಾರೂ ನೆಲ್ಲು ಹಚ್ಚಾಕ ಹೊಂಟಾರ.”

ಮಸ್ಕಿ ದಾಟಿದ ಮೇಲೆ ಬುತ್ತಿ ಹಿಡಿದ ಹುಡುಗಿಯೊಬ್ಬಳು ಬಸ್ಸು ಹತ್ತಿ ಅವರ ಪಕ್ಕದಲ್ಲೇ ಕೂತಿದ್ದಳಂತೆ. ಹೆಸರು ರೇಣುಕಾ, ನಮ್ಮ ಬಿಬಿಎ ಹುಡುಗಿಯೇ. ನಾಟಿಯ ಹಂಗಾಮಿನಲ್ಲಿ ಕಾಲೇಜಿಗೆ ಹೇಗೆ ಹೋಗುತ್ತೀ ಎಂದು ಕೇಳಿದ್ದಕ್ಕೆ ಆಕೆ, “ಹಾಜರಿ ಅವ್ರ ಹಾಕ್ಕೊಂತಾರ್ರಿ. ಪಾಠ ಅಷ್ಟ ತಪ್ಪತೈತ್ರಿ,” ಅಂದಳಂತೆ.

ಪ್ರಿನ್ಸಿಪಾಲರ ಮುಖ ಸಣ್ಣದಾಯಿತು. “ಕನಿಕರಕ್ಕ ಹಾಕ್ತೀವ್ರಿ ಸರ್. ಇಲ್ಲಂದ್ರ ಪರೀಕ್ಷಾಕ ಕುಂದ್ರಾಕ ಬಿಡಂಗಿಲ್ಲಲ್ರಿ.”

“ಕನಿಕರ ಖರೇನ. ಆದ್ರ ಆ ಹುಡುಗಿ ಹಾಜರಿ ಕೇಳಲಿಲ್ರಿ, ಪಾಠ ಕೇಳಿದ್ಲು.”

ಆಮೇಲೆ ಸರ್ ತಾವೇ ಒಂದು ಹಾಳೆ ಎಳೆದುಕೊಂಡರು. ನಾಟಿಯ ವಾರಗಳಲ್ಲಿ ಬಿಬಿಎ ಪಾಠ ಸಂಜೆಗೆ, ಕೆಲಸ ಬಿಟ್ಟ ಮೇಲೆ. ಹುಡುಗಿಯರು ಊರು ಮುಟ್ಟುವಂತೆ ಬಸ್ ಡಿಪೋದವರೊಂದಿಗೆ ಮಾತು. ಹಾಜರಿ ಬಂದವರಿಗೆ ಮಾತ್ರ. ಇಷ್ಟನ್ನೂ ಕಮಿಟಿಗೆ ಕೊಡುವ ವರದಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಬೇಕು ಎಂದರು.

“ಗ್ರೇಡ್ ಬಿದ್ರ ಏನ್ ಮಾಡೋದ್ರಿ?” ಎಂದರು ಪ್ರಿನ್ಸಿಪಾಲರು.

“ಬೀಳಬಹುದು. ಬೀಳಂಗಿಲ್ಲ ಅಂತ ನಾ ಸುಳ್ಳು ಹೇಳಂಗಿಲ್ಲ.”

ಕುಂಡಗಳು ನರ್ಸರಿಗೆ ವಾಪಸಾದವು. ವರಾಂಡ ಬಣಬಣ ಎನ್ನತೊಡಗಿತು. ಸಂಜೆ ಹುಡುಗಿಯರು ಪಾದದ ಮೇಲೆ ಒಣಗಿದ ಕೆಸರಿನೊಂದಿಗೆ ಬಂದು ಕೂರುತ್ತಿದ್ದರು. ಸಂಜೆಯ ನಿದ್ದೆ ಕಳೆದುಕೊಂಡ ನಾನು ಬೋರ್ಡಿನ ಕಡೆ ತಿರುಗಿ ಆಕಳಿಸುತ್ತಿದ್ದೆ, ಅವರು ನನ್ನ ಬೆನ್ನ ಹಿಂದೆ ತೂಕಡಿಸುತ್ತಿದ್ದರು. ರಜೆ ಸಿಕ್ಕಾಗಲೆಲ್ಲ ಸರ್ ಬಂದು ಮಾರ್ಕೆಟಿಂಗ್ ಹೇಳುತ್ತಿದ್ದರು. ಅವರ ಕ್ಲಾಸಿನಲ್ಲಿ ಯಾರೂ ತೂಕಡಿಸುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಇಷ್ಟೆಲ್ಲ ಯಾಕೆ ಮಾಡುತ್ತೀರಿ ಎಂದು ಒಮ್ಮೆ ಕೇಳಿದೆ. “ದೊಡ್ಡ ಕಾಲೇಜಿಗೆ ಹೇಳಿಕೊಡೋರು ಭಾಳ ಮಂದಿ ಅದಾರಪಾ. ಇಲ್ಲಿಗೆ ಬಸ್ ಹತ್ತಿ ಯಾರು ಬರ್ತಾರ?” ಎಂದರು.

ನಿಜವಾದ ಕಮಿಟಿ ಬಂತು, ನೋಡಿತು, ಹೋಯಿತು. ನಾವು ಆಸೆಪಟ್ಟ ಗ್ರೇಡು ಬರಲಿಲ್ಲ. ಇದ್ದ ಗ್ರೇಡು ಬೀಳಲೂ ಇಲ್ಲ. ಸಂಜೆಯ ಪಾಠದ ಬಗ್ಗೆ ವರದಿಯಲ್ಲಿ ಒಂದು ಒಳ್ಳೆಯ ಮಾತಿತ್ತು. ಸೆಕ್ರೆಟರಿಯವರು ಅದನ್ನು ಎರಡು ಸಲ ಓದಿದರು. ಬಂದ್ ಮಾಡುವ ಮಾತು ಮತ್ತೆ ಬರಲಿಲ್ಲ. ಅಂದು ನನಗಾದಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಇನ್ನೂ ಮನೆಯಲ್ಲಿ ಹೇಳಿಲ್ಲ.

ಈಗ ಸರ್‌ಗೆ ಮೊಣಕಾಲು ನೋವು, ಬಸ್ಸು ಹತ್ತಲಾರರು. ಅದಕ್ಕೇ ಮಸ್ಕಿಯ ಕರೆ ಬಂದಾಗ, “ನೀನ ಹೋಗಿ ಬಾ. ಕಾರ್ ಕಳಸ್ತಾರ, ಹತ್ತಬ್ಯಾಡ,” ಎಂದು ನನಗೆ ಹೇಳಿದರು. ಅಲ್ಲಿ ಪಾಠ ಹೇಳುತ್ತ ಕಮಿಟಿಯ ಕೆಲಸವನ್ನೂ ನೋಡಿಕೊಳ್ಳುವ ಮೇಡಂ ಬೇರೆ ಯಾರೂ ಅಲ್ಲ, ಅಂದು ಬಸ್ಸಿನಲ್ಲಿ ಸರ್ ಪಕ್ಕ ಕೂತಿದ್ದ ಅದೇ ರೇಣುಕಾ. ಹಾಗಾಗಿಯೇ ಆ ಕುಂಡಗಳ ಸಾಲು ಕಂಡು ನನ್ನ ಮನಸ್ಸು ಮುದುಡಿತು. ಇವಳೂ ಹೀಗೆಯೇ ಆದಳಲ್ಲ ಎನ್ನಿಸಿತು.

ಅಷ್ಟರಲ್ಲಿ ಆಕೆಯೇ ಎದುರು ಬಂದಳು. “ಸರ್, ಕುಂಡ ಬಾಡಿಗಿವು ಅದಾವ್ರಿ. ಬ್ಯಾಡಂದ್ರೂ ನಮ್ಮ ಪ್ರಿನ್ಸಿಪಾಲ್ರು ಕೇಳಲಿಲ್ಲ. ಕ್ಲಾಸಿನ್ಯಾಗ ಅರ್ಧಾ ಬೆಂಚು ಖಾಲಿ ಅದಾವ. ಹುಡುಗ್ಯಾರು ಹತ್ತಿ ಬಿಡಸಾಕ ಹೋಗ್ಯಾರ, ಸಂಜಿಕ ಬರ್ತಾರ. ಅಲ್ಲೀತನ ಇರ್ತೀರೇನ್ರಿ?”

“ಇರ್ತೀನವ್ವ,” ಎಂದೆ. ಚೀಲದಿಂದ ರೊಟ್ಟಿಯ ಗಂಟು ತೆಗೆದಾಗ ರೇಣುಕಾ ಮಾನಪ್ಪ ಸರ್ ರೂಢಿಯ ಗುರುತು ಹಿಡಿದು ನಕ್ಕಳು.

ಸಂಜೆ ಹುಡುಗಿಯರು ತಲೆಗೂದಲಿಗೆ ಹತ್ತಿಯ ಎಳೆ ಅಂಟಿಸಿಕೊಂಡೇ ಬಂದು ಕೂತರು. ರೇಣುಕಾ ಹಾಜರಿ ಕರೆದಳು. ಒಂದು ಹೆಸರಿಗೆ ಉತ್ತರ ಬರಲಿಲ್ಲ. ಮತ್ತೊಮ್ಮೆ ಕರೆದು, ಬಾಗಿಲ ಕಡೆ ನೋಡಿ, ಗೈರು ಎಂದು ಬರೆದಳು. ಆಮೇಲೆ ಆ ಹುಡುಗಿಯ ಊರಿನ ಗೆಳತಿಯೊಬ್ಬಳಿಗೆ ಹೇಳಿದಳು: “ನಾಳೆ ಅಕೀನ ಸ್ವಲ್ಪ ಲಗೂ ಬಾ ಅನ್ನು. ಇವತ್ತಿನ ಪಾಠ ಅಕಿಗೆ ಮತ್ತ ಹೇಳಬೇಕು.”