ಸ್ಲಾತ್ ನೋಡಲು ಹೋದ ಅತ್ತೆ

ಬೆಳಗಿನ ಊಟ ಮುಗಿಸಿ ಶಿರಗುಪ್ಪಿಯಿಂದ ಹೊರಟೆವು, ನಾನು ಮತ್ತು ನನ್ನ ಅತ್ತೆ. ಕಾಗವಾಡದ ತನಕ ನಮ್ಮ ಸರಕಾರದ ಪುಕ್ಕಟೆ ಟಿಕೆಟ್, ಗಡಿ ದಾಟಿ ಮಿರಜದ ಕಡೆ ಮರಾಠಿ ಸರಕಾರದ ಅರ್ಧ ಟಿಕೆಟ್. ಗಡಿಯಾಚೆ ಹೊಸದಾಗಿ ತೆರೆದ ಮೃಗಾಲಯಕ್ಕೆ ಸ್ಲಾತ್ ಬಂದಿದೆ ಎಂದು ಯಾರೋ ಮೊಬೈಲಿನಲ್ಲಿ ತೋರಿಸಿದ್ದರು. ಮರಕ್ಕೆ ತಲೆಕೆಳಗಾಗಿ ಜೋತುಬಿದ್ದು ಎಲೆ ತಿಂದು ಬದುಕುವ ಪ್ರಾಣಿ. "ಅದು ನಮ್ಮ ಪೈಕೀನ ಇರಬೇಕ ತಗೀ," ಎಂದು ಅತ್ತೆ ತೀರ್ಮಾನಿಸಿಬಿಟ್ಟಿದ್ದರು.

ನನ್ನ ಚಿಂತೆ ಬೇರೆ. ನಮ್ಮ ಜೈನ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅತ್ತೆಗೆ ನೀರೂ ಇಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಹೋದ ತಿಂಗಳು ಮದುವೆಯೊಂದರಲ್ಲಿ ಊಟ ತಡವಾಗಿ, ಉಪವಾಸ ಮಲಗಿ, ಬೆಳಗ್ಗೆ ತಲೆಸುತ್ತಿ ಬಿದ್ದಿದ್ದರು. ಅಂದಿನಿಂದ ನಾನು ಸೂರ್ಯನ ಮೇಲೊಂದು ಕಣ್ಣಿಟ್ಟೇ ಇರುತ್ತೇನೆ. ಅವರಿಗದು ಕಿರಿಕಿರಿ. "ಸೊಸಿ ಅಲ್ಲ, ಗಡಿಯಾರ ತಂದೀನಿ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಬಸ್ಸಿಗೆ ಕಾದು ಕಾದು, ತಲುಪಿದಾಗ ನಾಲ್ಕು ಗಂಟೆ. ಊಟದ ಡಬ್ಬಿ ಒಳಗೆ ಬಿಡಲಿಲ್ಲ, ಗೇಟಿನಲ್ಲೇ ಇಟ್ಟೆವು.

ಸ್ಲಾತ್ ಗಾಜಿನಾಚೆ ಕೊಂಬೆಗೆ ಕೊಕ್ಕೆಯಂಥ ಉಗುರು ಸಿಕ್ಕಿಸಿ ಜೋತಿತ್ತು, ಒಣಹಾಕಿದ ಹಳೆಯ ಕಂಬಳಿಯ ಹಾಗೆ. ಮರಾಠಿ ಫಲಕ ಓದಿ ಹೇಳಿದೆ: ತಿಂದ ಎಲೆ ಅರಗಲು ವಾರಗಳೇ ಬೇಕಂತೆ, ಹೊಲಸು ಮಾಡಲು ವಾರಕ್ಕೊಮ್ಮೆ ಮಾತ್ರ ಕೆಳಗಿಳಿಯುತ್ತದಂತೆ, ಕಾಡಿನಲ್ಲಿದ್ದರೆ ಅದರ ಕೂದಲಲ್ಲಿ ಪಾಚಿ ಬೆಳೆಯುತ್ತದೆ, ಪತಂಗಗಳು ಸಂಸಾರ ಹೂಡುತ್ತವೆ.

"ಮೈಮ್ಯಾಲಿನ ಹುಳಾನೂ ಕೊಲ್ಲೂದಿಲ್ಲ, ನೋಡು!" ಅತ್ತೆ ಕೈ ಮುಗಿಯುವುದೊಂದು ಬಾಕಿ.

ಅದು ಒಂದು ಹೆಜ್ಜೆ ಇಡುವುದನ್ನು ನೋಡದೆ ಬರುವುದಿಲ್ಲ ಎಂದು ಕಟ್ಟೆಯ ಮೇಲೆ ಕೂತರು. ಅದೂ ಕದಲಲಿಲ್ಲ, ಇವರೂ ಕದಲಲಿಲ್ಲ. ನೆರಳು ಉದ್ದವಾಯಿತು.

"ಅತ್ತಿ, ಹೊತ್ತ ಮುಳಗಾಕತ್ತೈತಿ, ಏಳ್ರಿ."

"ತಡಿಯವ್ವಾ, ಈಗರ ಕಣ್ಣ ತಗದೈತಿ."

ಅವರ ಕೈ ಸಣ್ಣಗೆ ನಡುಗುತ್ತಿತ್ತು. ಸಕ್ಕರೆ ಇಳಿಯತೊಡಗಿದೆ ಎಂದು ನನಗೆ ಭಯವಾಯಿತು.

ಅಷ್ಟರಲ್ಲಿ ಸೊಪ್ಪಿನ ಬುಟ್ಟಿ ಹಿಡಿದು ಬಂದ ಪ್ರಾಣಿಪಾಲಕ ನಕ್ಕ. "ಆಜಿ, ಹಗಲೆಲ್ಲಾ ಮಲಗೂದ ಇದರ ಕೆಲಸ. ಕತ್ತಲಾದ ಮ್ಯಾಲ ಉಣ್ಣತೈತ್ರಿ."

"ರಾತ್ರಿ ಉಣ್ಣತೈತಿ?" ಅತ್ತೆ ಎದ್ದೇಬಿಟ್ಟರು. ಗೊತ್ತುಮಾಡಿದ ವರನಿಗೆ ಚಟವಿದೆ ಎಂದು ತಿಳಿದವರ ಮುಖ! ಮರುಗಳಿಗೆಗೆ ಬಿದ್ದು ಬಿದ್ದು ನಕ್ಕರು. "ನಡಿ ಪದ್ಮಾ, ನಮ್ಮ ಹೊತ್ತಿಗೆ ನಾವು ಉಣ್ಣೂಣು."

ಮೊಣಕಾಲು ನೋವಿನ ಅತ್ತೆ ನನಗಿಂತ ಮೊದಲೇ ಗೇಟು ಮುಟ್ಟಿದರು. ಹೊರಗೆ ಬೇವಿನ ಮರದಡಿ ಡಬ್ಬಿ ಬಿಚ್ಚಿದೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಎದುರಿನ ಕಬ್ಬಿನ ಹೊಲದ ಮೇಲೆ ಸೂರ್ಯ ಇನ್ನೂ ಇದ್ದ. ಇಬ್ಬರೂ ಉಂಡೆವು. ಕೊನೆಯ ಗುಟುಕು ನೀರು ಕುಡಿದು ಅವರು ಬಾಯಿ ಒರೆಸಿಕೊಂಡ ಮೇಲೆ ಹೊತ್ತು ಮುಳುಗಿತು. ಕೈ ನಡುಕ ನಿಂತಿತ್ತು. ನನಗೆ ಅಳು ಬರುವಷ್ಟು ಸಮಾಧಾನವಾಯಿತು.

ಬಸ್ಸು ಬಂದಾಗ ಅತ್ತೆ ಮೃಗಾಲಯದ ಕಡೆ ತಿರುಗಿ ನೋಡಿದರು. "ಪಾಪ, ಹೊತ್ತಾತು ಉಣ್ಣು ಅಂತ ಅದಕ್ಕ ಹೇಳೋರ ಯಾರೂ ಇಲ್ಲ," ಎಂದರು. ಆಮೇಲೆ ನನ್ನ ಕೈ ಹಿಡಿದು ಮೆಟ್ಟಿಲು ಹತ್ತುತ್ತ, "ನನಗರ ನೀ ಅದಿ."