ಆಣೆಗೆ ಹೆದರಿದವಳು

ನಮ್ಮ ಕಡೆಯ ಮುಖಂಡನೊಬ್ಬ ತನ್ನ ಹರಿಹರದ ಕಚೇರಿಯಲ್ಲಿ ಕೆಲಸಕ್ಕಿದ್ದ ಹುಡುಗಿಯ ಮೈಮೇಲೆ ಕೈಹಾಕಿದ ಎಂಬ ದೂರು ಬಂದಾಗ, ಅವನ ಪಕ್ಷದವರು ವಿಚಾರಣೆಗೆಂದು ಮೂವರನ್ನು ಕೂಡಿಸಿದರು. ಒಬ್ಬರು ನಿವೃತ್ತ ಪ್ರಾಂಶುಪಾಲರು, ಇನ್ನೊಬ್ಬರು ಅಕ್ಕಿ ಗಿರಣಿಯ ಯಜಮಾನರು. ಹೆಂಗಸೊಬ್ಬಳು ಇರಲಿ ಎಂದು ವಕೀಲೆಯಾದ ನನ್ನನ್ನು ಸೇರಿಸಿದ್ದರು, ಎಲೆ ತುದಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ.

ಕೂತದ್ದು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ, ಯಜಮಾನರ ಮನೆಯಲ್ಲಿ. ಹುಡುಗಿ ನಡೆದದ್ದನ್ನು ತಲೆಯೆತ್ತಿಯೇ ಹೇಳಿದಳು. ಅವಳ ಪರ ಸಾಕ್ಷಿ ಒಬ್ಬಳೇ, ಕಚೇರಿಯ ಕಸ ಗುಡಿಸುವ ಅಕ್ಕ. ಹುಡುಗಿ ಅಳುತ್ತ ಒಳಕೋಣೆಯಿಂದ ಓಡಿಬಂದದ್ದನ್ನು ಅವಳು ಕಂಡಿದ್ದಳು. ಮುಖಂಡನ ಡ್ರೈವರ್ ಮತ್ತು ಇಬ್ಬರು ಹಿಂಬಾಲಕರು ಮಾತ್ರ, ಅಂದು ಸಾಹೇಬರು ಹರಿಹರದಲ್ಲೇ ಇರಲಿಲ್ಲ, ಆನೆಕೊಂಡದಲ್ಲಿ ಒಂದು ಮದುವೆ ಮಾತುಕತೆಗೆ ಕೂತಿದ್ದರು ಎಂದರು. ಮೂವರೂ ಮಗ್ಗಿ ಒಪ್ಪಿಸಿದಂತೆ ಒಂದೇ ಮಾತು ಹೇಳಿದರು.

"ಉಕ್ಕಡಗಾತ್ರಿ ಅಜ್ಜಯ್ಯನ ಮ್ಯಾಲೆ ಆಣೆ ಮಾಡ್ರಿ, ಮುಗೀತು" ಎಂದರು ಯಜಮಾನರು. ಆ ಕ್ಷೇತ್ರದ ದೇವರಾದ ಅಜ್ಜಯ್ಯನ ಹೆಸರಲ್ಲಿ ಸುಳ್ಳು ಹೇಳಿದವರು ಉಳಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಡ್ರೈವರ್, ಹಿಂಬಾಲಕರು ಮೂವರೂ ಗೋಡೆಯ ಮೇಲಿದ್ದ ಅಜ್ಜಯ್ಯನ ಪಟ ಮುಟ್ಟಿ ಆಣೆ ಮಾಡಿದರು. ಅಕ್ಕ ಹಿಂದೆ ಸರಿದಳು.

"ಕಂಡಿದ್ದು ಖರೇನ್ರಿ. ಆದ್ರ ಮಧ್ಯಾನನೋ ಸಂಜೀನೋ ಸರಿಯಾಗಿ ನೆನಪಿಲ್ರಿ. ಒಂದ್ ಮಾತು ಹೆಚ್ಚುಕಮ್ಮಿ ಆದ್ರೂ ಅಜ್ಜಯ್ಯ ಬಿಡ್ತಾನೇನ್ರಿ? ಮಕ್ಕಳ ತಾಯಿ ನಾನು. ಆಣೆ ಬ್ಯಾಡ್ರಿ."

ಪ್ರಾಂಶುಪಾಲರು ಕಳ್ಳಿ ಸಿಕ್ಕಳೆಂಬಂತೆ ನಕ್ಕರು. ಆಣೆಗೆ ಹೆದರಿದವಳ ಮಾತನ್ನೇ ನಂಬಬೇಕೆಂಬ ನನ್ನ ಮಾತಿಗೆ ಕವಡೆ ಕಿಮ್ಮತ್ತೂ ಸಿಗಲಿಲ್ಲ. ದೂರು ಸುಳ್ಳೆಂದು ಇಬ್ಬರೂ ತೀರ್ಮಾನಿಸಿದರು. ಹುಡುಗಿಯ ಕೆಲಸ ಹೋಯಿತು, ಅವಳ ಫೋಟೊ ಊರವರ ಮೊಬೈಲುಗಳಲ್ಲಿ ಹರಿದಾಡಿತು. ದೇವರಿಗೆ ಹೆದರಿದವಳನ್ನೇ ಸುಳ್ಳಿ ಎಂದ ಆ ದೊಡ್ಡ ಮನುಷ್ಯರನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಕೆಲವು ವಾರಗಳ ನಂತರ ಕೋರ್ಟ್ ಎದುರಿನ ಚಹಾ ಅಂಗಡಿಯಲ್ಲಿ ಆ ಡ್ರೈವರ್ ಸಿಕ್ಕ. ಅಷ್ಟು ಸಲೀಸಾಗಿ ಆಣೆ ಹೇಗೆ ಮಾಡಿದೆಯೆಂದು ಕೇಳಿಯೇಬಿಟ್ಟೆ. ಅವನಿಗೆ ನಾಚಿಕೆಯೂ ಆಗಲಿಲ್ಲ.

"ಹಿಂದಿನ ದಿನಾನೇ ಸಾಹೇಬ್ರು ನಮ್ಮನ್ನ ಉಕ್ಕಡಗಾತ್ರಿಗೆ ಕರ್ಕಂಡೋಗಿ ತಪ್ಪುಕಾಣಿಕೆ ಹಾಕ್ಸಿದ್ರು ಮೇಡಂ. ಅಜ್ಜಯ್ಯಂದು ಚುಕ್ತಾ ಆಗೇತಿ."

ತಪ್ಪು ಮಾಡಿದವರು ದೇವರ ಕ್ಷಮೆ ಕೇಳಿ ಹುಂಡಿಗೆ ಹಾಕುವುದು ತಪ್ಪುಕಾಣಿಕೆ. ಇವರು ಸುಳ್ಳು ಹೇಳುವ ಮೊದಲೇ ಹಾಕಿ ಬಂದಿದ್ದರು! ಯಜಮಾನರಿಗೆ ಫೋನ್ ಮಾಡಿದೆ. "ಮುಗಿದ ಕತಿ ಯಾಕ ಕೆದಕ್ತೀರಿ, ಬಿಡ್ರಿ" ಎಂದು ಇಟ್ಟರು. ಕೊನೆಗೆ ಹರಿಹರಕ್ಕೆ ಹೋಗಿ ಹುಡುಗಿಗೇ ಹೇಳಿದೆ.

"ಅನ್ಯಾಯ ಆಗಿದ್ದು ನನಗಲ್ಲೇನ್ರಿ ಮೇಡಂ? ಕಾಣಿಕೆ ಅಜ್ಜಯ್ಯ ಯಾಕ ಇಸ್ಕಂಡ?"